ಏಮಸ್ ತಿರುಗಿಸಿ ಕೆತ್ತಿದ ಅಕ್ಷರ

ಆಟ್ಲಿ, ಯಾರ್ಕ್‌ಷೈರ್
೧೪ ನವೆಂಬರ್ ೧೯೭೮, ಮಂಗಳವಾರ

ಪ್ರೀತಿಯ ತಾತ,

ಕೆಮ್ಮು ಹೇಗಿದೆ? ಸ್ಕಾರ್‌ಬರೋದ ಸಮುದ್ರದ ಗಾಳಿ ನಿಮ್ಮ ಎದೆಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದು ನಿಜ. ಆದರೆ ಕಿಟಕಿಯ ಬಳಿ ಕುಳಿತು ಪೈಪ್ ಸೇದಿ ಎಂದು ಹೇಳಿರಲಿಲ್ಲ. ಅಲ್ಲಿನ ನರ್ಸಮ್ಮ ಅಪ್ಪನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ. ಇಲ್ಲಿ ಅಪ್ಪ ಆರೋಗ್ಯವಾಗಿದ್ದಾರೆ. ನನಗೆ ಮಾತ್ರ ಸುಸ್ತು. ಮೂರು ವಾರದಿಂದ ಬೆಳಗಿನ ಬಸ್ಸಿಗೆ ಲೀಡ್ಸಿಗೆ ಹೋಗಿ, ದಾಖಲೆ ಕಚೇರಿಯಲ್ಲಿ ಹಳೆಯ ಕಾಗದಗಳ ಮುಂದೆ ಕುಳಿತು ಬರುತ್ತಿದ್ದೇನೆ. ಮನೆಗೆ ಬಂದರೆ ಸೂಪಿನ ಬಟ್ಟಲಲ್ಲೂ ಇಸವಿಗಳೇ ತೇಲುತ್ತವೆ.

ನಮ್ಮ ಅಚ್ಚುಮನೆಯನ್ನು ಈ ತಿಂಗಳ ಕೊನೆಗೆ ಖಾಲಿ ಮಾಡಬೇಕಲ್ಲ, ನಿಮ್ಮ ಕಬ್ಬಿಣದ ಕೈಮುದ್ರಣ ಯಂತ್ರವನ್ನು ನೋಡಲು ಮ್ಯೂಸಿಯಂನಿಂದ ಪಿಲ್ಲಿಂಗ್ ಎನ್ನುವವರು ಬಂದಿದ್ದರು. ಎರಕದಲ್ಲೇ ಮೂಡಿರುವ ರಿಮಿಂಗ್ಟನ್ ಎಂಬ ಕಾರ್ಖಾನೆಯ ಹೆಸರಿನ ಕೊನೆಯ ‘ಎನ್’ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುವುದನ್ನು ಕಂಡು ನಕ್ಕುಬಿಟ್ಟರು. “ಕಾರ್ಖಾನೆಯವ್ರು ತಮ್ಮ ಹೆಸ್ರನ್ನೇ ತಪ್ಪು ಬರೀತಾರೇನಮ್ಮಾ? ಯಾರೋ ಮಾಡಿದ ನಕಲು ಇದು” ಎಂದರು. ಅಸಲಿ ಎನ್ನಲು ಆಧಾರ ಸಿಗದಿದ್ದರೆ ಗುಜರಿಯವನೇ ಗತಿ. ನೀವು ಹೇಳುತ್ತಿದ್ದದ್ದು ನನಗೆ ನೆನಪಿತ್ತು: ನಮ್ಮ ಪೂರ್ವಜ ಏಮಸ್ ಹೋಲ್‌ರಾಯ್ಡ್ ಆ ಕಾರ್ಖಾನೆಯ ದೊಡ್ಡ ಮೇಸ್ತ್ರಿ, ಯಜಮಾನರೇ ಮೆಚ್ಚಿ ಕೊಟ್ಟ ಯಂತ್ರ ಇದು. ಹಾಗಾಗಿ ಏಮಸ್‌ನನ್ನು ಹುಡುಕಲು ಹೊರಟೆ. ದಾಖಲೆ ಕಚೇರಿಯ ಸಗ್‌ಡನ್ ಆಂಟಿಗೆ ನನ್ನನ್ನು ಕಂಡರೆ ಮರುಕ. “ನಿನ್ ವಯಸ್ಸಿನ ಹುಡ್ಗೀರು ಡಾನ್ಸಿಗೆ ಹೋಗ್ತಾರೆ ಕಣೇ ರೊವೀನಾ, ನೀನು ನೋಡಿದ್ರೆ ಸತ್ತ ಗಂಡಸಿನ ಹಿಂದೆ ಬಿದ್ದಿದ್ದೀಯ” ಎನ್ನುತ್ತಾ ಇನ್ನೊಂದು ಕಟ್ಟು ತಂದು ಇಡುತ್ತಾರೆ. ನಾನು ನಕ್ಕು ಅದನ್ನು ಬಿಚ್ಚುತ್ತೇನೆ.

ಶುಕ್ರವಾರ ಏಮಸ್ ಸಿಕ್ಕಿದ. ಆದರೆ ಮೇಸ್ತ್ರಿಯಾಗಿ ಅಲ್ಲ, ತಾತ. ಕಾರ್ಖಾನೆಯ ೧೮೩೧ರ ಕೆಲಸಗಾರರ ಪುಸ್ತಕದಲ್ಲಿ ಹೀಗಿದೆ: “ಏಮಸ್ ಹೋಲ್‌ರಾಯ್ಡ್, ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಎರಕಕ್ಕೆಂದು ಮಾಡುವ ಹೆಸರಿನ ಮರದ ಮಾದರಿಯಲ್ಲಿ ಕೊನೆಯ ಅಕ್ಷರವನ್ನು ತಿರುಗಿಸಿ ಕೆತ್ತಿ ಒಂದು ಯಂತ್ರ ಕೆಡಿಸಿದ. ಐದನೆಯ ವಾರಕ್ಕೆ ಕೆಲಸದಿಂದ ತೆಗೆದಿದೆ. ಕೆಟ್ಟ ಯಂತ್ರವನ್ನು ಅವನೇ ಒಯ್ದ.” ಆ ಸಾಲುಗಳನ್ನು ಎರಡೆರಡು ಸಲ ಓದಿದೆ. ವರ್ಷಗಟ್ಟಲೆ ಮೊಳೆಗಳಲ್ಲಿ ತಿರುಗಿದ ಅಕ್ಷರವನ್ನೇ ನೋಡಿದವನ ಕಣ್ಣಿಗೆ ತಿರುಗಿದ್ದೇ ನೆಟ್ಟಗೆ ಕಂಡಿರಬೇಕು. ನೀವೂ ನನ್ನ ಹುಟ್ಟುಹಬ್ಬದ ಕಾರ್ಡಿನಲ್ಲಿ ಒಮ್ಮೆ ಹಾಗೇ ಬರೆದಿದ್ದಿರಿ.

ಇದನ್ನು ಹೇಳಿದಾಗ ಪಿಲ್ಲಿಂಗ್ ಕುಣಿದಾಡುವುದೊಂದು ಬಾಕಿ. “ತಪ್ಪು ಮಾಡಿದವನ ಹೆಸ್ರು ಸಮೇತ ಸಿಕ್ತಲ್ಲಮ್ಮಾ, ಇಂಥದ್ದು ಎಲ್ಲೂ ಇಲ್ಲ!” ಯಂತ್ರ ಅವರಿಗೆ ಬೇಕು, ಆದರೆ ಪಕ್ಕದ ಫಲಕದಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತಾರಂತೆ, ಅದಕ್ಕೆ ಮನೆಯವರ ಒಪ್ಪಿಗೆ ಬೇಕಂತೆ. ಅಪ್ಪ ಮಾತ್ರ “ಸುಮ್ನಿರೇ, ಮುದುಕ ಅರವತ್ತು ವರ್ಷ ಊರೆಲ್ಲ ಮೇಸ್ತ್ರಿ ವಂಶ ಅಂತ ಹೇಳ್ಕೊಂಡು ತಿರುಗಿದ್ದಾನೆ. ಗುಜರಿಗೆ ಹೋದ್ರೂ ಪರವಾಗಿಲ್ಲ, ಅವನಿಗೆ ಹೇಳ್ಬೇಡ” ಎಂದರು. ಎರಡು ದಿನ ಹೇಳದೇ ಇರಲು ನೋಡಿದೆ, ಆಗಲಿಲ್ಲ.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಹಾಕಿಕೊಳ್ಳಿ. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಆಶೀರ್ವಾದ ನನಗೆ ಈಗ ಬೇಕು.

ನಿಮ್ಮ ಮೊಮ್ಮಗಳು,
ರೊವೀನಾ

ಮರೆತ ಮಾತು: ಮರೆತದ್ದಲ್ಲ, ಹೆದರಿ ಬಿಟ್ಟದ್ದು. ಲಾರಿ ಇವತ್ತು ಬೆಳಿಗ್ಗೆಯೇ ಬಂತು, ಯಂತ್ರ ಮ್ಯೂಸಿಯಂಗೆ ಹೋಯಿತು. ಒಪ್ಪಿಗೆಯ ಕಾಗದಕ್ಕೆ ನಿಮ್ಮನ್ನು ಕೇಳದೆ ನಾನೇ ರುಜು ಹಾಕಿದೆ. ಫಲಕದಲ್ಲಿ ‘ಕೆಲಸದಿಂದ ತೆಗೆದರು’ ಎಂದೇ ಇರುತ್ತದೆ. ಆ ಕಾಗದವನ್ನು ಅಪ್ಪ ಇನ್ನೂ ನೋಡಿಲ್ಲ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ ತಾತ, ಕಾಗದದಲ್ಲಿ ಬೇಡ, ಮನೆಗೆ ಬಂದು ಬೈಯಿರಿ.