ಕಂಡಕ್ಟರ್ ಕೈಗೆ ಕೊಟ್ಟ ಮಡಿಲಕ್ಕಿ

ಕಡಹಿನಬೈಲು
೯-೨-೨೦೨೫

ಚಿ. ಸೌ. ಶ್ವೇತಳಿಗೆ ನಿನ್ನ ತಾಯಿ ನೀಲಾಂಬಿಕೆ ಮಾಡುವ ಆಶೀರ್ವಾದಗಳು.

ಇಲ್ಲಿ ಕ್ಷೇಮ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಾಳುಮೆಣಸು ಅಂಗಳದಲ್ಲಿ ಒಣಗುತ್ತಿದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ.

ನಿನಗೆ ಕಳಿಸಿದ ಮಡಿಲಕ್ಕಿ ಚೀಲ ಗಂಟು ಬಿಚ್ಚದೆ ಅದೇ ಬಸ್ಸಿನಲ್ಲಿ ವಾಪಸು ಬಂತು. "ಮಡಿಲು ತುಂಬೋಕೆ ಕಂಡಕ್ಟರ್ ಯಾಕೆ ಅಂತ ಕೇಳಿದ್ರು ನಿಮ್ಮ ಮಗಳು. ನಂಗೂ ಹೌದು ಅನ್ನಿಸ್ತು ಮಾರಾಯ್ರೆ" ಎಂದ ಕಂಡಕ್ಟರ್. ಬಸ್ಸಿನಲ್ಲಿದ್ದವರು ನಕ್ಕರು. ಉಪ್ಪಿನಕಾಯಿ, ಕಾಫಿಪುಡಿ ಎಲ್ಲವನ್ನೂ ಬಸ್ಸಿಗೆ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಚೊಚ್ಚಲ ಬಸುರಿಯ ಮಡಿಲಕ್ಕಿಯನ್ನು ಮಾತ್ರ ತಾಯಿ ಕೈಯಾರೆ ಸೆರಗಿಗೆ ಸುರಿಯಬೇಕು. ಅದು ನನಗೆ ಗೊತ್ತು.

ಅವತ್ತೇ ನೀನು ಫೋನಿನಲ್ಲಿ "ನೀನು ಹೇಡಿ ಅಮ್ಮಾ" ಅಂದೆ. ನಿನ್ನ ತಂದೆ ಕೂಡ ನನ್ನನ್ನು ಹಾಗೆ ಅಂದಿರಲಿಲ್ಲ. ರಾಕೇಶ ನಮ್ಮ ಜಾತಿಯವನಲ್ಲವೆಂದು ನಿಮ್ಮ ಮದುವೆಗೆ ಬರದೆ ಉಳಿದದ್ದು ನನ್ನ ತೀರ್ಮಾನ, ಹೆದರಿಕೆಯಲ್ಲ. ಆ ಪದದ ಅರ್ಥ ತಿಳಿದೇ ಉತ್ತರ ಬರೆಯೋಣವೆಂದು ಷಡಕ್ಷರಿ ಮೇಷ್ಟ್ರನ್ನು ಕೇಳಿದೆ.

"ಹಳೆಗನ್ನಡದ ಪಾಲು ಈಗ ಹಾಲಾದ ಹಾಗೆ ಪೇಡಿ ಹೇಡಿ ಆಯ್ತು. ಹಿಂದೆ ಗಂಡೂ ಅಲ್ಲ, ಹೆಣ್ಣೂ ಅಲ್ಲ ಅನ್ನೋರಿಗೆ ಹಾಗೆ ಕರೀತಿದ್ರು. ಅವರಿಗೆ ಧೈರ್ಯ ಇಲ್ಲ ಅಂತ ಜನ ಅಂದ್ಕೊಂಡ್ರು, ಅಂಜೋರಿಗೂ ಅದೇ ಹೆಸರು ನಿಂತಿತು. ಯಾರಿಗೆ ಬೈದ್ರಿ ಅಮ್ಮಾ?" ಎಂದರು.

"ನನಗೇ ಬೈದಿದ್ದಾರೆ" ಎಂದೆ. ಮೇಷ್ಟ್ರು ಕನ್ನಡಕ ಒರೆಸತೊಡಗಿದರು.

ಆ ಪದ ನನಗೆ ಒಪ್ಪಿಗೆಯಾಗಲಿಲ್ಲ. ನರಸಿಂಹರಾಜಪುರದ ಸಂತೆಗೆ ಅಂಥವರೊಬ್ಬರು ಹಸಿರು ಸೀರೆ ಉಟ್ಟು ಬರುತ್ತಾರೆ. ಹುಡುಗರು ಶಿಳ್ಳೆ ಹಾಕಿದರೆ "ನಿಮ್ಮಮ್ಮನ ಕರ್ಕೊಂಡ್ ಬರ್ಲೇನೋ?" ಎಂದು ಎದುರಿಗೇ ಹೋಗಿ ನಿಲ್ಲುತ್ತಾರೆ. ಊರೆಲ್ಲ ನೋಡುತ್ತಿದ್ದರೂ ತಲೆಯೆತ್ತಿ ನಡೆಯುವವರ ಹೆಸರು ಹಿಡಿದು ಇನ್ನೊಬ್ಬರನ್ನು ಬೈಯುವುದು ನ್ಯಾಯವಲ್ಲ. ನನಗೆ ಬೇರೆ ಪದ ಹುಡುಕು.

ಬಿಸಿಲಿಗೆ ತಿರುಗಬೇಡ. ಶಿವ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ.

ಇಂತಿ,
ನೀಲಾಂಬಿಕೆ

ತಾ.ಕ.: ಅವತ್ತು ನಾನು ಬಸ್ಸಿಗೆ ಹೋದದ್ದು ಚೀಲ ಕೊಟ್ಟು ಕಳಿಸಲಿಕ್ಕಲ್ಲ. ನಿನ್ನ ಮನೆಗೆ ಬರಲೆಂದೇ ಕೊಪ್ಪಕ್ಕೆ ಟಿಕೆಟ್ ತೆಗೆದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯಲ್ಲಿ ನಿನ್ನ ಸರ್ವಮಂಗಳಾ ಅತ್ತೆ ಹತ್ತಿದಳು. "ಎಲ್ಲಿಗೆ ಅತ್ತಿಗೆ, ರೇಷ್ಮೆ ಸೀರೆ? ಮಗಳ ಮನೆಗಂತೂ ಅಲ್ಲ ತಾನೇ?" ಎಂದಳು. "ಇಲ್ಲೇ, ಬ್ಯಾಂಕಿಗೆ" ಎಂದೆ. ಮುಂದಿನ ಸ್ಟಾಪಿನಲ್ಲಿ ಚೀಲವನ್ನು ಕಂಡಕ್ಟರ್ ಕೈಗೆ ಕೊಟ್ಟು ಇಳಿದೆ. ಅಲ್ಲಿ ಬ್ಯಾಂಕೇ ಇರಲಿಲ್ಲ.

ಬರುವ ಭಾನುವಾರ ಮತ್ತೆ ಹೊರಡುತ್ತೇನೆ. ಯಾರು ಕೇಳಿದರೂ "ಶ್ವೇತನ ಮನೆಗೆ, ಮಡಿಲು ತುಂಬೋಕೆ" ಎನ್ನಬೇಕು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೇಳಿ ನೋಡಿದೆ. ಧ್ವನಿ ಸ್ವಲ್ಪ ನಡುಗುತ್ತದೆ.