ಮರಳು ಹೊದ್ದ ಮೀನು

ಮನೆಯಿಂದ,
೧೪ನೇ ತಾರೀಖು, ಮಂಗಳವಾರ ಬೆಳಿಗ್ಗೆ

ಮುದ್ದಿನ ಮಗಳೇ,

ಹೇಗಿದ್ದೀಯಾ? ಪಾಠ ಹೇಳಿ ಹೇಳಿ ಗಂಟಲು ಕಟ್ಟಿದೆ ಅಂದಿದ್ದೆ, ಈಗ ವಾಸಿಯೇ? ನಿಮ್ಮಮ್ಮನ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಚುರುಕು.

ತರಗತಿಗೆ ಬೇಕೆಂದು ಕಡಲ ಬಸವನಹುಳು, ಸಿಹಿನೀರಿನ ತೊರಕೆ ಮೀನು, ಎರಡನ್ನೂ ಹೋಲಿಸಿ ಬರಿ ಅಂದಿದ್ದೆಯಲ್ಲ. ಇಪ್ಪತ್ತೆರಡು ವರ್ಷ ಮತ್ಸ್ಯಾಲಯದ ತೊಟ್ಟಿ ತೊಳೆದವನಿಗೆ ತಿಳಿದಷ್ಟು ಕೇಳು. ಹುಳು ಹೆಬ್ಬೆರಳುದ್ದ, ಚಿಪ್ಪಿಲ್ಲ, ಮೂಳೆಯಿಲ್ಲ. ಕುಟುಕುವ ಜೀವಿಗಳನ್ನು ತಿಂದು ಅವುಗಳ ಕುಟುಕನ್ನೇ ಬೆನ್ನಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕದ್ದ ಮಾಲಾದರೂ ಮುಚ್ಚಿಡುವುದಿಲ್ಲ, ಮುಟ್ಟಬೇಡಿ ಎಂದು ಬಣ್ಣದಲ್ಲೇ ಸಾರುತ್ತದೆ. ತೊರಕೆ ಮೊರದಷ್ಟಗಲ, ಚಪ್ಪಟೆ. ಇದಕ್ಕೂ ಗಟ್ಟಿ ಮೂಳೆಯಿಲ್ಲ, ನಮ್ಮ ಕಿವಿಯಂಥ ಮೆತ್ತನೆಯ ಎಲುಬು. ಹುಳು ಮೊಟ್ಟೆಯಿಟ್ಟರೆ ಇದು ಮರಿ ಹಾಕುತ್ತದೆ. ಬಾಲದಲ್ಲಿ ವಿಷದ ಮುಳ್ಳು. ತಾನಾಗಿ ತಂಟೆಗೆ ಬರುವುದಿಲ್ಲ, ತುಳಿದರೆ ಬಿಡುವುದಿಲ್ಲ. ತುಳಿಯುವವರಿಗೆ ಕಾಣಬೇಕಲ್ಲ, ಮರಳು ಹೊದ್ದು ಮಲಗಿರುತ್ತದೆ.

ಹೊಸ ಮ್ಯಾನೇಜರು ಈ ತೊರಕೆಗಳನ್ನು ಮಕ್ಕಳು ಇಳಿದು ಆಡುವ ಕೊಳಕ್ಕೆ ಬಿಡಿಸಿದ್ದಾರೆ. ಮುಳ್ಳು ಕತ್ತರಿಸಿದ್ದು ಹೋದ ಬೇಸಿಗೆಯಲ್ಲಿ. "ಉಗುರಿನ ಹಾಗೆ ಸಾರ್, ಮತ್ತೆ ಬೆಳೆಯುತ್ತೆ" ಅಂದೆ. "ನೀನೇನು ಡಾಕ್ಟರಾ? ಬಕೆಟ್ ಹಿಡ್ಕೊಂಡು ನಿನ್ ಕೆಲಸ ನೋಡ್ಕೋ" ಅಂದರು. ಮೊನ್ನೆ ಭಾನುವಾರ, ಮೀನಿಗೆ ತಿನಿಸು ಹಾಕುವ ನಮ್ಮ ಡುಮ್ಮ ಕೊಳಕ್ಕಿಳಿದವನು ಒಮ್ಮೆಲೇ ಕಿರುಚಿದ. ಹಿಮ್ಮಡಿಯ ಮೇಲೆ ಬೆರಳು ತೂರುವಷ್ಟು ತೂತು. ಆಸ್ಪತ್ರೆಯಲ್ಲಿದ್ದಾನೆ, ಪಾದ ಕಪ್ಪಾಗುತ್ತಿದೆ. ಗಾಜು ಚುಚ್ಚಿತು ಎಂದು ಮ್ಯಾನೇಜರು ವರದಿ ಬರೆದು ನನ್ನ ಕೈಲೂ ಸಹಿ ಹಾಕಿಸಿಕೊಂಡರು. ಹಾಕಿಬಿಟ್ಟೆ ಮಗಳೇ. ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಜೊತೆಯ ಟೀಚರುಗಳಿಗೆ ನನ್ನ ನಮಸ್ಕಾರ. ನೂರು ಕಾಲ ತಣ್ಣಗೆ ಬಾಳು.

ನಿನ್ನ
ಅಪ್ಪ

ಮತ್ತೆ: ಕೆಲಸಕ್ಕೆ ಬಂದು ಕೊಳದ ಪಕ್ಕ ನಿಂತೇ ಬರೆಯುತ್ತಿದ್ದೇನೆ. ಶುಕ್ರವಾರ ಇಲ್ಲಿಗೆ ಬರುವ ಶಾಲೆಗಳ ಪಟ್ಟಿಯಲ್ಲಿ ನಿನ್ನ ಶಾಲೆಯ ಹೆಸರು ಈಗ ನೋಡಿದೆ, ಮೂವತ್ತೆರಡು ಮಕ್ಕಳು. ಹೇಳದೆ ಬಂದು ಅಪ್ಪನನ್ನು ಬೆರಗುಗೊಳಿಸಬೇಕೆಂದಿದ್ದೆಯೇನೋ. ಕರೆತರಬೇಡ. ಹೆಡ್‌ಮೇಷ್ಟ್ರು ಒಪ್ಪದಿದ್ದರೆ ಈ ಕಾಗದ ತೋರಿಸು; ಗಾಜಿನ ಮಾತು ಸುಳ್ಳೆಂದು ಸಹಿ ಹಾಕಿದವನೇ ಹೇಳುತ್ತಿದ್ದಾನೆ. ಯಾರನ್ನೂ ಕೇಳದೆ ಬಲೆ ಬೀಸಿ ಐದು ತೊರಕೆಗಳನ್ನು ಹಳೆಯ ತೊಟ್ಟಿಗೆ ಸಾಗಿಸಿದ್ದೇನೆ. ಐದಕ್ಕೂ ಮುಳ್ಳು ಬೆಳೆದಿದೆ. ಇದ್ದದ್ದು ಆರು. ನೀರು ತಿಳಿಯಾಗಿದೆ, ಆರನೆಯದು ಕಾಣುತ್ತಿಲ್ಲ. ಬಾಗಿಲಾಚೆ ಆಗಲೇ ಇವತ್ತಿನ ಮಕ್ಕಳ ಸಾಲು, ಮ್ಯಾನೇಜರು ಬೀಗದಕೈ ಹಿಡಿದು ಬರುತ್ತಿದ್ದಾರೆ. ಇದನ್ನು ನಿಮ್ಮೂರ ಬಸ್ಸಿನ ಕಂಡಕ್ಟರನ ಕೈಗಿತ್ತು ನಾನು ಕೊಳಕ್ಕಿಳಿಯುತ್ತೇನೆ.