ಮೇಜಿನ ಸುತ್ತ ಇಪ್ಪತ್ತೆರಡು ಹೆಜ್ಜೆ

ಮಾರ್ಚ್ ೯, ಸೋಮವಾರ

ನನ್ನ ಮುದ್ದಿನ ಕೋತಿಮರಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ನಾನು ಕ್ಷೇಮ. ಎಡಗಾಲಿನ ಮಂಡಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮೂವತ್ತರ ಹರೆಯದವನ ಹಾಗಿದೆ. ನಿನ್ನ ಕಾಗದ ಬಂದು ಐದು ವಾರವಾಯಿತು, ಉತ್ತರ ಬರೆಯಲಿಲ್ಲ. ಕೋಪಕ್ಕೆ ನಿನ್ನ ಮೂಗಿನ ತುದಿ ಕೆಂಪಾಗಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಏನು ಮಾಡಲಿ, ನಾನಿಲ್ಲದೆ ಪ್ರೆಸ್ಸಿನಲ್ಲಿ ಒಂದು ಹಾಳೆಯೂ ಅಲ್ಲಾಡುವುದಿಲ್ಲ. ಇದು ನನ್ನ ಮಾತಲ್ಲ, ಎಲ್ಲರೂ ಹೇಳುತ್ತಾರೆ. ನಾನು ಕೇಳಿದಾಗ ಹೇಳುತ್ತಾರೆ.

ನೀನು ಕೇಳಿದ್ದನ್ನು ಮರೆತಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹದಿನಾಲ್ಕು ವರ್ಷ ಫೋನು ಎತ್ತಿದ್ದು ಸಾಕಾಗಿ, ಕ್ರೇನ್ ಓಡಿಸುವ ತರಬೇತಿಗೆ ಅರ್ಜಿ ಹಾಕಿದೆ, ಆಯ್ಕೆಯೂ ಆದೆ. ಇಪ್ಪತ್ತನೇ ತಾರೀಕಿನೊಳಗೆ ಬರುತ್ತೇನೆ ಅಥವಾ ಇಲ್ಲ ಎಂದು ತಿಳಿಸಬೇಕು. ಅಮ್ಮ ಒಪ್ಪುತ್ತಿಲ್ಲ, ಅವಳ ಮನಸ್ಸು ನೋಯಿಸಿ ಹೋಗಲಾರೆ, ಮಾವ ನೀವಾದರೂ ಹೇಳಿ ನೋಡಿ ಎಂದು ಬರೆದಿದ್ದೀಯ.

ಹೇಳಿ ನೋಡಿದೆ. ಹನ್ನೆರಡು ವಾದಗಳನ್ನು ಬೆರಳ ಮೇಲೆ ಎಣಿಸಿಕೊಂಡು ಹೋಗಿದ್ದೆ, ಬೆರಳು ಸಾಲದೆ ಎರಡನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದೆ. ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮೂರನೇ ವಾದದ ತನಕ ನಗುತ್ತಲೇ ಇದ್ದಳು. ಮೂವತ್ತಾರು ವರ್ಷದವಳು ಕಬ್ಬಿಣದ ಏಣಿ ಹತ್ತಿ ಆಕಾಶದಲ್ಲಿ ಕೂತರೆ ಊಟದ ಡಬ್ಬಿಯನ್ನು ಹದ್ದು ತಂದುಕೊಡುತ್ತದೆಯೇ ಎಂದು ನನ್ನನ್ನೇ ಕೆಣಕಿದಳು. ಆಮೇಲೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಹೇಳಿದಳು: "ಹೊರಗಿನವ್ರು ಬಾ ಅಂತಾರೆ ಕಣೋ. ಆಮೇಲೆ ಮರೆತುಬಿಡ್ತಾರೆ. ಬಾಗಿಲಲ್ಲಿ ನಿಂತು ಕಾಯೋದು ಅಂದ್ರೆ ಏನು ಅಂತ ಅವಳಿಗೆ ಗೊತ್ತಿಲ್ಲ, ನಂಗೆ ಗೊತ್ತು."

ಉಳಿದ ಒಂಬತ್ತು ವಾದಗಳನ್ನು ಹಾಗೇ ವಾಪಸು ತಂದೆ.

ಅದು ಹಾಗಿರಲಿ. ಈಗ ನನ್ನ ಪರಾಕ್ರಮ ಕೇಳು. ಕಳೆದ ತಿಂಗಳು ನಮ್ಮಲ್ಲಿಗೆ ಒಬ್ಬ ಹೆಂಗಸು ಬಂದರು. ಬೆಳ್ಳಿ ಕೂದಲು, ದಪ್ಪ ಚಪ್ಪಲಿ, ಜೋರು ಧ್ವನಿ. ಟ್ಯಾರೋ ಎಂಬ ಕಾರ್ಡುಗಳನ್ನು ನೋಡಿ ಜನರಿಗೆ ಅವರ ಬದುಕಿನ ದಾರಿ ಹೇಳುವವರು. ಚಿತ್ರಗಳನ್ನು ತಾವೇ ಬರೆದಿದ್ದರು. ಇಪ್ಪತ್ತೆರಡು ಚಿತ್ರ, ಆರು ನೂರು ಪ್ಯಾಕು ಬೇಕು ಎಂದರು. ನಾವು ಅವರಿಗೆ ಕಾರ್ಡಮ್ಮ ಎಂದು ಹೆಸರಿಟ್ಟೆವು.

ನಮ್ಮ ಕೆಲಸ ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಕತ್ತರಿಸಿದ ಕಾರ್ಡುಗಳನ್ನು ಉದ್ದನೆಯ ಮೇಜಿನ ಸುತ್ತ ಗುಡ್ಡೆಗುಡ್ಡೆಯಾಗಿ ಇಡುತ್ತೇವೆ. ಒಬ್ಬ ಮನುಷ್ಯ ಸುತ್ತ ನಡೆಯುತ್ತ ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿಕೊಳ್ಳುತ್ತಾನೆ. ಸುತ್ತು ಮುಗಿದರೆ ಕೈಯಲ್ಲಿ ಒಂದು ಪ್ಯಾಕು. ಸಣ್ಣ ಯಜಮಾನರು ಇದಕ್ಕೊಂದು ಮೆಷಿನ್ ತರಿಸಿದ್ದಾರೆ, ಅದು ದಪ್ಪ ಕಾರ್ಡು ಕಂಡರೆ ಮುಷ್ಕರ ಹೂಡುತ್ತದೆ. ಹಾಗಾಗಿ ಆರು ನೂರು ಸುತ್ತು ನಾನೇ ನಡೆದೆ. ಇಪ್ಪತ್ತೆರಡು ಹೆಜ್ಜೆಗೆ ಒಂದು ಜನ್ಮ. ಲೆಕ್ಕ ಹಾಕು, ನಿನ್ನ ಮಾವನಷ್ಟು ಬದುಕಿದವರು ಯಾರಿದ್ದಾರೆ?

ಮೊದಲ ನೂರು ಸುತ್ತು ಏನೂ ಹೊಳೆಯಲಿಲ್ಲ. ಜಾದೂಗಾರ, ರಾಣಿ, ರಾಜ, ಗುರು, ಇವರೆಲ್ಲ ಸಾಲಾಗಿ ಬಂದರು. ಅಪ್ಪ, ಅಮ್ಮ, ಮೇಷ್ಟ್ರ ಕೈಯಲ್ಲಿ ಬೆಳೆಯುವುದು ಹೀಗೇ ಅಲ್ಲವೇ ಅಂದುಕೊಂಡೆ. ಆಮೇಲೆ ಪ್ರೇಮಿಗಳು, ಆಮೇಲೆ ಬಂಡಿ ಓಡಿಸುವ ಗತ್ತಿನವನು. ಅವನನ್ನು ಕಂಡರೆ ನನ್ನದೇ ಮದುವೆಯ ಫೋಟೋ ನೆನಪಾಗುತ್ತಿತ್ತು. ಎಂಟನೆಯದರಲ್ಲಿ ಒಬ್ಬ ಹೆಂಗಸು ಸಿಂಹದ ಬಾಯಿಯನ್ನು ಬರಿಗೈಯಲ್ಲಿ, ಮಗುವಿನ ಗಲ್ಲ ಹಿಡಿದ ಹಾಗೆ, ಮುಚ್ಚುತ್ತಾಳೆ. ನಿನ್ನ ಅತ್ತೆ ನನ್ನ ಜೊತೆ ಮೂವತ್ತು ವರ್ಷದಿಂದ ಮಾಡುತ್ತಿರುವುದು ಅದನ್ನೇ.

ಕಾಲು ತಾನಾಗಿ ನಡೆಯತೊಡಗಿದ ಮೇಲೆ ಕಣ್ಣಿಗೆ ಬಿಡುವಾಯಿತು. ಆಗ ಕಂಡದ್ದನ್ನು ಬೇರೆ ಯಾರೂ ಕಂಡಿರಲಾರರು. ಒಂಬತ್ತನೆಯ ಕಾರ್ಡಿನಲ್ಲಿ ಒಬ್ಬ ಮುದುಕ ಲಾಟೀನು ಹಿಡಿದು ನಿಂತಿದ್ದಾನೆ. ಲಾಟೀನಿನ ಒಳಗೆ ಬತ್ತಿ ಇಲ್ಲ, ಒಂದು ನಕ್ಷತ್ರ ಇದೆ. ಎಂಟು ಹೆಜ್ಜೆ ಮುಂದೆ ಹೋಗು, ಹದಿನೇಳನೆಯದರಲ್ಲಿ ಅದೇ ನಕ್ಷತ್ರ ಬಯಲಾಗಿ ಆಕಾಶದಲ್ಲಿದೆ. ಮುದುಕ ಜೋಪಾನವಾಗಿ ಹೊತ್ತಿದ್ದನ್ನು ಯಾರೋ ಬಿಟ್ಟುಕೊಟ್ಟಿದ್ದಾರೆ. ಹದಿಮೂರನೆಯದು ಸಾವು. ಅದರ ಹಿಂದೆ ತೀರ ದೂರದಲ್ಲಿ, ಉಗುರಿನಷ್ಟು, ಎರಡು ಗೋಪುರ. ಐದು ಹೆಜ್ಜೆ ಕಳೆದರೆ ಚಂದ್ರ. ಅಲ್ಲಿ ಅವೇ ಎರಡು ಗೋಪುರ ಎದುರಿಗೇ ಬಂದು ನಿಂತಿವೆ, ನಡುವೆ ದಾರಿ ಇದೆ. ಅಂದರೆ ಸಾವಿನ ಹತ್ತಿರ ಕಂಡದ್ದು ಕೊನೆಯಲ್ಲ, ಮುಂದಿನ ಊರು. ಕಾರ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ನನ್ನ ಮುಖವನ್ನು ಸರಿಯಾಗಿ ನೋಡಿದರು.

ಆದರೆ ಅದಕ್ಕೂ ಮೊದಲು ಒಂದು ಎಡವಟ್ಟಾಗಿತ್ತು. ಇಪ್ಪತ್ತೆರಡರಲ್ಲಿ ಒಂದಕ್ಕೆ ಸೊನ್ನೆ ಅಂಕಿ. ಹೆಗಲ ಮೇಲೆ ಸಣ್ಣ ಗಂಟು ಹೊತ್ತ ಒಬ್ಬ ಹುಚ್ಚ ಬಂಡೆಯ ಅಂಚಿನಲ್ಲಿ ನಿಂತು ಆಕಾಶ ನೋಡುತ್ತಿದ್ದಾನೆ. ಇಸ್ಪೀಟು ಜೋಡಿಸಿದ ಕೈ ನನ್ನದು, ಬೆಲೆ ಇಲ್ಲದ ಎಲೆ ಎಂದರೆ ಜೋಕರ್, ಜೋಕರ್ ಕೊನೆಗೆ. ಅವನನ್ನು ಇಪ್ಪತ್ತೊಂದರ ಆಚೆ ಇಟ್ಟು ಆರು ನೂರು ಪ್ಯಾಕನ್ನೂ ಕಾಗದ ಸುತ್ತಿ ಅಂಟಿಸಿಬಿಟ್ಟೆ. ಕಾರ್ಡಮ್ಮ ಬಂದು ಒಂದನ್ನು ಬಿಚ್ಚಿದರು. ಇವನು ಮೊದಲು ಬರಬೇಕು, ಪಯಣ ಹೊರಡುವವನೇ ಇವನು, ಇವನನ್ನು ಕೊನೆಗೆ ತಳ್ಳಿದರೆ ಉಳಿದವರು ಯಾರ ಕಥೆ ಎಂದು ಕೇಳಿದರು. ಸಣ್ಣ ಯಜಮಾನರು ನನ್ನನ್ನು ನೋಡಿದ ನೋಟಕ್ಕೆ ಶಾಯಿ ಒಣಗಿಹೋಗುತ್ತಿತ್ತು.

ನಾನು ಬಿಡುತ್ತೇನೆಯೇ. ಏಳನೇ ತರಗತಿಯಲ್ಲಿ ಇಡೀ ಶಾಲೆಗೆ ಎರಡನೆಯವನಾಗಿ ಪಾಸಾದವನು. (ಪರೀಕ್ಷೆಗೆ ಮೂವರು ಕೂತಿದ್ದೆವು, ಅದು ಬೇರೆ ವಿಷಯ.) ಕೊನೆಯ ಕಾರ್ಡು ಜಗತ್ತು. ಅದರಲ್ಲಿ ಹೂಮಾಲೆಯ ನಡುವೆ ಒಬ್ಬಳು ಕುಣಿಯುತ್ತಾಳೆ. ಅದನ್ನು ಅವರ ಮುಂದೆ ಇಟ್ಟು ಹೇಳಿದೆ: "ಅಮ್ಮಾ, ಈ ಮಾಲೆ ಯಾವ ಆಕಾರ ನೋಡಿ. ಸೊನ್ನೆ ತಾನೇ? ಎಲ್ಲಾ ಗೆದ್ದಾದ್ಮೇಲೆ ಮನುಷ್ಯ ಇದರೊಳಗಿಂದ ದಾಟಿ ಆಚೆ ಬರ್ತಾನೆ, ಮತ್ತೆ ಗಂಟು ಕಟ್ತಾನೆ. ನಾನು ಮೇಜಿನ ಸುತ್ತ ನಡೆದವನು. ಮೇಜಿಗೆ ಮೊದಲು ಎಲ್ಲಿ, ಕೊನೆ ಎಲ್ಲಿ?"

ಅವರು ಮಾಲೆಯ ಸುತ್ತ ಒಮ್ಮೆ ಬೆರಳಾಡಿಸಿದರು. ಆಮೇಲೆ ಮೆಷಿನ್ ಸದ್ದನ್ನೂ ಮೀರಿಸುವ ಹಾಗೆ ನಕ್ಕರು. ಮುನ್ನೂರು ಬಿಚ್ಚಿ ಸರಿಮಾಡಿ, ಮುನ್ನೂರು ನಿಮ್ಮ ಹಾಗೆಯೇ ಇರಲಿ, ಯಾರಿಗೆ ಯಾವುದು ಸಿಗುತ್ತದೋ ಅವರ ದಾರಿ ಅದು ಎಂದರು. ಮುನ್ನೂರು ಪ್ಯಾಕು ಬಿಚ್ಚಿ ಕಟ್ಟಿದವನು ನಾನೇ. ಅದನ್ನು ಯಾರಿಗೂ ಹೇಳಬೇಡ, ಗೆದ್ದದ್ದನ್ನು ಮಾತ್ರ ಹೇಳು.

ಇಷ್ಟೆಲ್ಲ ಬರೆದದ್ದು ನಿನಗಾಗಿ. ಮೂವತ್ತಾರಕ್ಕೆ ಹೊಸದಾಗಿ ಹೊರಡುವುದು ತಡವಾಯಿತೇ ಎಂದು ಕೇಳಿದ್ದೆಯಲ್ಲ. ಒಂದು ಸುತ್ತು ಮುಗಿಸಿ ಬಂದಿದ್ದೀಯ, ಅಷ್ಟೇ. ಹದಿನಾರನೆಯ ಕಾರ್ಡಿನಲ್ಲಿ ಎತ್ತರದ ಗೋಪುರದಿಂದ ಇಬ್ಬರು ತಲೆಕೆಳಗಾಗಿ ಬೀಳುತ್ತಾರೆ, ಅದನ್ನು ನಿನ್ನಿಂದ ಬಚ್ಚಿಡುವುದಿಲ್ಲ. ಆದರೆ ಅವರು ಬೆಲ್ಟು ಕಟ್ಟಿರಲಿಲ್ಲ. ನೀನು ಕಟ್ಟಿಕೋ. ಹೋಗು. ಇಪ್ಪತ್ತನೇ ತಾರೀಕಿನ ತನಕವೂ ಕಾಯಬೇಡ, ಬರುತ್ತೇನೆ ಎಂದು ನಾಳೆಯೇ ತಿಳಿಸು.

ನಿನ್ನ ಅತ್ತೆ ಕೈಚೀಲ ಹೊಲಿಯುತ್ತಿದ್ದಾಳೆ, ಮೇಲೆ ಏರುವಾಗ ಹೆಗಲಿಗೆ ಹಾಕಿಕೊಳ್ಳಲು. ನಿನ್ನ ಕೈ ನಡುಗದಿರಲಿ, ಗಾಳಿ ನಿನ್ನ ಮಾತು ಕೇಳಲಿ, ನೂರು ಅಡಿ ಮೇಲೆ ಕೂತಾಗಲೂ ಹೊಟ್ಟೆ ತುಂಬಿರಲಿ.

ಇಂತಿ ನಿನ್ನ,
ಎಲ್ಲ ಬಲ್ಲ ಸೋದರಮಾವ

ಮರೆತ ಮಾತು: ಮರೆತದ್ದಲ್ಲ. ಐದು ವಾರ ಬರೆಯದೇ ಇದ್ದದ್ದು ಇದಕ್ಕೇ.

ಅಕ್ಕನಿಗೆ ಹದಿನೇಳು, ನನಗೆ ಹದಿನೈದು. ಪ್ರೆಸ್ಸಿನ ದೊಡ್ಡ ಯಜಮಾನರು ನಮ್ಮ ಶಾಲೆಗೆ ಇನ್ನೂ ಹೊಲಿಯದ ಪುಸ್ತಕ ತಂದಿದ್ದರು. ದಾರಿಯಲ್ಲಿ ಕಟ್ಟು ಬಿಚ್ಚಿ ಹಾಳೆಗಳೆಲ್ಲ ಕಲಸಿಹೋಗಿದ್ದವು. ಅಕ್ಕ ನೆಲದ ಮೇಲೆ ಕೂತು, ಅವರು ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ, ಅಷ್ಟನ್ನೂ ಸಾಲು ಹಿಡಿಸಿದಳು. ಇಂಥ ಕೈ ನಮಗೆ ಬೇಕು, ಕಾಗದ ಹಾಕಿ ಕರೆಸುತ್ತೇನೆ ಎಂದು ಹೇಳಿ ಹೋದರು. ಅಕ್ಕ ದಿನವೂ ಬಾಗಿಲಲ್ಲಿ ನಿಂತು ಅಂಚೆಯವನ ದಾರಿ ನೋಡಿದಳು.

ಕಾಗದ ಬಂದಿತ್ತು. ಅಂಚೆಯವನು ದಾರಿಯಲ್ಲಿ ನನ್ನ ಕೈಗೆ ಕೊಟ್ಟ. ಓದಿ ಜೇಬಿಗೆ ಹಾಕಿಕೊಂಡು ಪ್ರೆಸ್ಸಿಗೆ ನಾನೇ ಹೋದೆ. ಅವಳಿಗೆ ಮದುವೆ ಗೊತ್ತಾಗಿದೆ, ನನ್ನನ್ನು ಕಳಿಸಿದ್ದಾಳೆ ಎಂದೆ. ನಲವತ್ತಮೂರು ವರ್ಷದಿಂದ ನಾನು ನಡೆಯುತ್ತಿರುವುದು ಅವಳ ಮೇಜಿನ ಸುತ್ತ. ಅವರು ಮರೆತರು ಎಂದೇ ಅವಳು ಇವತ್ತಿಗೂ ನಂಬಿದ್ದಾಳೆ. ಅದಕ್ಕೇ ನಿನ್ನನ್ನು ತಡೆಯುತ್ತಿದ್ದಾಳೆ.

ಭಾನುವಾರ ಹೋಗಿ ಹೇಳುತ್ತೇನೆ. ಇದನ್ನು ಇವತ್ತೇ ಅಂಚೆ ಡಬ್ಬಕ್ಕೆ ಹಾಕುತ್ತಿದ್ದೇನೆ. ನಾನು ಹಿಂಜರಿದರೆ, ಈ ಕಾಗದ ಅವಳಿಗೆ ತೋರಿಸು.